ಹೂವಿನ ಸರದಿ ಬರೆದಿಟ್ಟ ಕೃಂಬಿಗಲ್

ಬೆಂಗಳೂರಿನ ಲಾಲ್‌ಬಾಗ್ ಪಕ್ಕದಲ್ಲಿ ಕೃಂಬಿಗಲ್ ರಸ್ತೆ ಎಂಬುದೊಂದಿದೆ. ಆ ರಸ್ತೆಯಲ್ಲಿ ದಿನವೂ ಓಡಾಡುವವರಲ್ಲೂ ಆ ಹೆಸರು ಯಾರದು ಎಂದು ತಿಳಿದವರು ಕಡಿಮೆ. ನಾಲಿಗೆಗೆ ಸುಲಭವಾಗಿ ಒಗ್ಗದ ಹೆಸರು. ಆದರೆ ಆ ಹೆಸರಿನ ಮನುಷ್ಯ ಮಾಡಿದ ಕೆಲಸ ಬೆಂಗಳೂರಿನಲ್ಲಿ ಬೆಳೆದ ಪ್ರತಿಯೊಬ್ಬರ ಕಣ್ಣಲ್ಲೂ ಇದೆ. ಚಳಿ ಇಳಿಯುವಾಗ ಗುಲಾಬಿ ಬಣ್ಣದ ಮರ, ಆಮೇಲೆ ಹಳದಿ, ಆಮೇಲೆ ನೇರಳೆ, ಯುಗಾದಿ ಕಳೆದ ಮೇಲೆ ಕೆಂಪು. ಊರು ಬಿಟ್ಟು ಬಂದ ನಾವು ತಿಂಗಳನ್ನು ನೆನಪಿಡುವುದೂ ಎಷ್ಟೋ ಸಲ ಈ ಬಣ್ಣಗಳಿಂದಲೇ. ಮುಂಬೈನ ಸಿಎಸ್‌ಎಂಟಿಯಿಂದ ಬೆಂಗಳೂರಿಗೆ ಹೊರಡುವ ರೈಲಿಗೆ ಉದ್ಯಾನ್ ಎಕ್ಸ್‌ಪ್ರೆಸ್ ಎಂಬ ಹೆಸರಿದೆ. ಬೆಂಗಳೂರು ಉದ್ಯಾನ ನಗರಿ ಎನಿಸಿಕೊಂಡದ್ದರ ಹಿಂದೆ ಹಲವರ ಬೆವರಿದೆ. ಅವರಲ್ಲಿ ಗುಸ್ತಾವ್ ಹರ್ಮನ್ ಕೃಂಬಿಗಲ್ ಮುಖ್ಯರು. ಅವರು ನಮ್ಮಂತೆಯೇ ಕೆಲಸ ಹುಡುಕಿಕೊಂಡು ಊರು ಬಿಟ್ಟವರು.

ಲೋಮೆನ್‌ನಿಂದ ಲಂಡನ್‌ಗೆ

ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಲೋಮೆನ್ ಎಂಬಲ್ಲಿ. ಡ್ರೆಸ್ಡನ್ ನಗರಕ್ಕೆ ಹತ್ತಿರದ ಊರು ಅದು. ಅಲ್ಲೇ ಸಮೀಪದ ಪಿಲ್‌ನಿಟ್ಸ್‌ನಲ್ಲಿ ಸ್ಯಾಕ್ಸನಿಯ ರಾಜರ ಅರಮನೆ ತೋಟವಿತ್ತು. ತೋಟಗಾರಿಕೆಯನ್ನು ಅವರು ಕಲಿತದ್ದು ಅಲ್ಲಿ. ಮುಂದೆ ಶ್ವೇರಿನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ದುಡಿದು ಇಂಗ್ಲೆಂಡಿಗೆ ದಾಟಿದರು. ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ವಿನ್ಯಾಸ ಮಾಡುವ ಕೆಲಸ ಸಿಕ್ಕಿತು. ಅಲ್ಲಿಂದ ಕ್ಯೂ ಸಸ್ಯೋದ್ಯಾನಕ್ಕೆ ಹೋದರು. ಆ ಕಾಲದಲ್ಲಿ ಕ್ಯೂ ಎಂದರೆ ಸಸ್ಯಗಳ ರಾಜಧಾನಿ. ಬ್ರಿಟಿಷ್ ಸಾಮ್ರಾಜ್ಯದ ಮೂಲೆ ಮೂಲೆಯಿಂದ ಬೀಜ, ಸಸಿ, ಗೆಡ್ಡೆಗಳು ಅಲ್ಲಿಗೆ ಬರುತ್ತಿದ್ದವು, ಅಲ್ಲಿಂದ ಮತ್ತೆ ಮೂಲೆ ಮೂಲೆಗೆ ಹೋಗುತ್ತಿದ್ದವು. ಗಿಡಗಳ ಜೊತೆಗೆ ತೋಟಗಾರರೂ ಹಾಗೆಯೇ ಹೋಗುತ್ತಿದ್ದರು.

ಯುರೋಪಿನ ತೋಟಗಾರನಿಗೆ ಋತು ಎಂಬುದು ಅನುಮಾನಕ್ಕೆ ಎಡೆಯಿಲ್ಲದ ವಿಷಯ. ಡ್ರೆಸ್ಡನ್ ಇರುವುದು 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಜೂನ್ ತಿಂಗಳ ಅತಿ ದೀರ್ಘ ಹಗಲು ಸುಮಾರು ಹದಿನಾರೂವರೆ ಗಂಟೆ, ಡಿಸೆಂಬರಿನ ಅತಿ ಕಿರಿಯ ಹಗಲು ಎಂಟು ಗಂಟೆಗೂ ಚೂರು ಕಡಿಮೆ. ಲಂಡನ್ನೂ ಹೆಚ್ಚು ಕಡಿಮೆ ಅದೇ ಅಕ್ಷಾಂಶ. ಬೇಸಿಗೆಯ ಹಗಲು ಚಳಿಗಾಲದ ಹಗಲಿನ ಎರಡು ಪಟ್ಟು. ಇದರ ಮೇಲೆ ಹಿಮ ಬೇರೆ. ಯಾವ ಗಿಡ ಯಾವ ವಾರ ಹೂ ಬಿಡುತ್ತದೆ ಎಂಬುದನ್ನು ಅಲ್ಲಿನ ತೋಟಗಾರ ಚಿಕ್ಕಂದಿನಿಂದಲೇ ಬಲ್ಲ. ಕೃಂಬಿಗಲ್ ಕಲಿತು ಬಂದದ್ದು ಈ ಪಂಚಾಂಗವನ್ನು.

ಬರೋಡಾದ ವರ್ಷಗಳು

1893ರಲ್ಲಿ ಅವರು ಭಾರತಕ್ಕೆ ಬಂದರು. ಬರೋಡಾ ಸಂಸ್ಥಾನದ ಸಸ್ಯೋದ್ಯಾನಗಳ ಕ್ಯುರೇಟರ್ ಹುದ್ದೆ. ಆಗ ಬರೋಡಾವನ್ನು ಆಳುತ್ತಿದ್ದವರು ಮೂರನೇ ಸಯಾಜಿರಾವ್ ಗಾಯಕವಾಡ್. ಶಾಲೆ, ಗ್ರಂಥಾಲಯ, ತೋಟ, ಕಟ್ಟಡ ಎಲ್ಲದರಲ್ಲೂ ಆಸಕ್ತಿಯಿದ್ದ ದೊರೆ. ಮುಂಬೈನಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ದೂರದ ಆ ಊರಿನ ಬೇಸಿಗೆ ಹೇಗಿರುತ್ತದೆ ಎಂದು ಗುಜರಾತ್ ಕಡೆ ಓಡಾಡುವ ಮುಂಬೈ ಕನ್ನಡಿಗರಿಗೆ ಹೇಳಬೇಕಿಲ್ಲ. ಹಿಮ ಬೀಳುವ ಊರಲ್ಲಿ ಮರ ಎಲೆ ಉದುರಿಸುವುದು ಚಳಿಗೆ. ಇಲ್ಲಿ ಮರ ಎಲೆ ಉದುರಿಸುವುದು ಒಣಹವೆಗೆ. ಅಲ್ಲಿ ಬೋಳು ಮರ ಎಂದರೆ ನಿದ್ದೆ. ಇಲ್ಲಿ ಬೋಳು ಮರ ಎಂದರೆ ಎಷ್ಟೋ ಸಲ ಹೂವಿನ ಮುನ್ಸೂಚನೆ. ಮುತ್ತುಗ, ಬೂರುಗ ಎರಡೂ ಎಲೆಯಿಲ್ಲದ ಕೊಂಬೆಯ ಮೇಲೆಯೇ ಬೆಂಕಿ ಹತ್ತಿದಂತೆ ಅರಳುವ ಮರಗಳು. ಕಲಿತ ಪಂಚಾಂಗವನ್ನು ಪಕ್ಕಕ್ಕಿಟ್ಟು ಹೊಸ ಪಂಚಾಂಗ ಓದಲು ಅವರಿಗೆ ಬರೋಡಾದಲ್ಲಿ ಸುಮಾರು ಹದಿನಾಲ್ಕು ವರ್ಷ ಸಿಕ್ಕವು.

ಈ ಜರ್ಮನ್ ತೋಟಗಾರನನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. 1908ರಲ್ಲಿ ಕೃಂಬಿಗಲ್ ಲಾಲ್‌ಬಾಗಿನ ಸೂಪರಿಂಟೆಂಡೆಂಟ್ ಆದರು.

ಲಾಲ್‌ಬಾಗಿಗೆ ಬಂದಾಗ

ಅವರು ಖಾಲಿ ಜಾಗಕ್ಕೆ ಬಂದವರಲ್ಲ. ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಶುರು ಮಾಡಿದ, ಟಿಪ್ಪು ಬೆಳೆಸಿದ. ಕೃಂಬಿಗಲ್‌ಗಿಂತ ಮುಂಚೆ ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ದುಡಿದ ಜಾನ್ ಕ್ಯಾಮರಾನ್ ಕೂಡ ಕ್ಯೂ ಉದ್ಯಾನದಿಂದ ಬಂದವರೇ. ಗಾಜಿನ ಮನೆಗೆ 1889ರಲ್ಲಿ ಅಡಿಗಲ್ಲು ಬಿದ್ದದ್ದು ಕ್ಯಾಮರಾನ್ ಕಾಲದಲ್ಲಿ. ತರಕಾರಿ, ಹಣ್ಣು, ಹೂವು, ನೆರಳು ಮರ ಹೀಗೆ ಹೊರದೇಶದ ನೂರಾರು ಸಸ್ಯಗಳು ಆಗಲೇ ಲಾಲ್‌ಬಾಗಿನಲ್ಲಿ ನೆಲೆಯೂರಿದ್ದವು.

ಬದಲಾಗಿದ್ದದ್ದು ತೋಟದ ಹೊರಗಿನ ಊರು. 1898ರ ಪ್ಲೇಗ್ ಬೆಂಗಳೂರಿನ ಪೇಟೆಯನ್ನು ನಡುಗಿಸಿತ್ತು. ಇಕ್ಕಟ್ಟಿನ ಗಲ್ಲಿಗಳಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರದಂಥ ಹೊಸ ಬಡಾವಣೆಗಳು ಹುಟ್ಟಿದವು. ನೇರ ರಸ್ತೆ, ಅಗಲ ರಸ್ತೆ, ಮನೆಯ ಸುತ್ತ ಗಾಳಿ. ರಸ್ತೆ ಅಗಲವಾದರೆ ಬದಿಯಲ್ಲಿ ಮರಕ್ಕೆ ಜಾಗ. ಮುಂಬೈನಲ್ಲೂ ಕಥೆ ಇದೇ. 1896ರ ಪ್ಲೇಗಿನ ಬೆನ್ನಿಗೆ ಹುಟ್ಟಿದ ಇಂಪ್ರೂವ್‌ಮೆಂಟ್ ಟ್ರಸ್ಟ್ ದಾದರ್, ಮಾಟುಂಗಾ ಬಡಾವಣೆಗಳನ್ನು ರೂಪಿಸಿತು. ಮುಂಬೈ ಕನ್ನಡಿಗರಿಗೆ ಮೈಸೂರು ಅಸೋಸಿಯೇಷನ್ ಕಾರಣಕ್ಕೆ ಪರಿಚಿತವಾದ ಮಾಟುಂಗಾದಿಂದ ಫೈವ್ ಗಾರ್ಡನ್ಸ್ ಕಡೆ ನಡೆದರೆ ಸಿಗುವ ಸಾಲುಮರಗಳ ನೆರಳು ಆ ಕಾಲದ ಯೋಚನೆಯ ಫಲ. ಒಂದು ಕೆಟ್ಟ ರೋಗ ಎರಡೂ ಊರುಗಳಿಗೆ ಬಿಟ್ಟುಹೋದ ಒಳ್ಳೆಯ ವಸ್ತು ಈ ನೆರಳು.

ಕೃಂಬಿಗಲ್ ಕೈಗೆ ಈ ಹೊಸ ಬೆಂಗಳೂರು ಸಿಕ್ಕಿತು. ಬಡಾವಣೆಯ ರಸ್ತೆಗೆ ಮರ ಆರಿಸುವಾಗ ನೆರಳು ಎಷ್ಟು, ಎತ್ತರ ಎಷ್ಟು, ಗಾಳಿಗೆ ಕೊಂಬೆ ಮುರಿಯುತ್ತದೆಯೇ ಎಂಬ ಪ್ರಶ್ನೆಗಳನ್ನು ಯಾವ ತೋಟಗಾರನಾದರೂ ಕೇಳಿಕೊಳ್ಳುತ್ತಾನೆ. ಅವರ ಹೆಸರಿನ ಜೊತೆ ಅಂಟಿಕೊಂಡಿರುವುದು ಇನ್ನೊಂದು ಪ್ರಶ್ನೆ: ಈ ಮರ ಯಾವ ತಿಂಗಳು ಹೂ ಬಿಡುತ್ತದೆ, ಅದರ ಹೂ ಉದುರುವ ಹೊತ್ತಿಗೆ ಇನ್ನಾವ ಮರ ಸಿದ್ಧವಿರುತ್ತದೆ? ಒಂದು ಮುಗಿಯುವಾಗ ಇನ್ನೊಂದು ಶುರುವಾಗಬೇಕು. ವರ್ಷದ ಯಾವ ತಿಂಗಳಲ್ಲೂ ಊರಿಗೆ ಹೂವಿಲ್ಲದಂತೆ ಆಗಬಾರದು. ಇದನ್ನೇ ಸರಣಿ ಹೂ ಅರಳಿಕೆ ಎನ್ನುತ್ತಾರೆ. ನಾನು ಅದನ್ನು ಸರದಿ ಎನ್ನುತ್ತೇನೆ. ಪಾಳಿಯಲ್ಲಿ ಕೆಲಸ ಮಾಡುವ ನಮಗೆ ಆ ಮಾತು ಹೆಚ್ಚು ಹತ್ತಿರ.

ಒಂದೂವರೆ ಗಂಟೆಯ ಗುಟ್ಟು

ಈ ಸರದಿ ಎಷ್ಟು ಕಷ್ಟದ್ದು ಎಂದು ತಿಳಿಯಲು ಒಂದು ಲೆಕ್ಕ ಸಾಕು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಇಲ್ಲಿ ವರ್ಷದ ಅತಿ ದೀರ್ಘ ಹಗಲು ಸುಮಾರು 12 ಗಂಟೆ 53 ನಿಮಿಷ, ಅತಿ ಕಿರಿಯ ಹಗಲು ಸುಮಾರು 11 ಗಂಟೆ 22 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆ. 19 ಡಿಗ್ರಿಯ ಮುಂಬೈನಲ್ಲಿ ಅದು ಎರಡೂ ಕಾಲು ಗಂಟೆ ಚಿಲ್ಲರೆ. ಡ್ರೆಸ್ಡನ್ನಿನಲ್ಲಿ ಎಂಟೂವರೆ ಗಂಟೆಗೂ ಹೆಚ್ಚು. ಅಂದರೆ ಕೃಂಬಿಗಲ್ ಬಂದು ನಿಂತ ಊರಿನಲ್ಲಿ ಹಿಮವೂ ಇಲ್ಲ, ಹಗಲು ಕಣ್ಣಿಗೆ ಕಾಣುವಷ್ಟು ಹಿಗ್ಗಿ ಕುಗ್ಗುವುದೂ ಇಲ್ಲ. ಆದರೂ ಮರಗಳು ತಮ್ಮ ತಿಂಗಳನ್ನು ತಪ್ಪುವುದು ಅಪರೂಪ. ಅವಕ್ಕೆ ತಾರೀಕು ಗೊತ್ತಾಗುವುದು ಹೇಗೆ?

ಕೃಂಬಿಗಲ್ ಲಾಲ್‌ಬಾಗಿಗೆ ಬಂದಾಗ ಈ ಪ್ರಶ್ನೆಗೆ ವಿಜ್ಞಾನದ ಉತ್ತರ ಇರಲಿಲ್ಲ. ಉತ್ತರದ ಮೊದಲ ತುಂಡು ಸಿಕ್ಕಿದ್ದು ಹನ್ನೆರಡು ವರ್ಷಗಳ ನಂತರ, 1920ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ಒಂದು ವಿಚಿತ್ರ ಹೊಗೆಸೊಪ್ಪಿನ ತಳಿಯ ಬೆನ್ನು ಹತ್ತಿದ್ದರು. ಅದು ಬೇಸಿಗೆಯಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಮಾತ್ರ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಚಿಕ್ಕ ಗಿಡವೇ ಹೂ ಬಿಡುತ್ತಿತ್ತು. ಗೊಬ್ಬರ, ತೇವ, ಶಾಖ ಎಲ್ಲ ನೋಡಿಯಾಯಿತು. ಕೊನೆಗೆ ಬೇಸಿಗೆಯ ದಿನಗಳಲ್ಲಿ ಗಿಡವನ್ನು ಮಧ್ಯಾಹ್ನವೇ ಕತ್ತಲೆ ಗುಡಿಸಲಿಗೆ ಒಯ್ದು ಇಟ್ಟರು. ಹಗಲು ಕೃತಕವಾಗಿ ಚಿಕ್ಕದಾಯಿತು, ಗಿಡ ಹೂ ಬಿಟ್ಟಿತು. ಗಿಡಗಳು ಹಗಲಿನ ಉದ್ದ ಅಳೆಯುತ್ತವೆ ಎಂಬುದು ಹೀಗೆ ಖಚಿತವಾಯಿತು. ಮುಂದೆ 1938ರಲ್ಲಿ ಇನ್ನಿಬ್ಬರು ವಿಜ್ಞಾನಿಗಳು ಗಿಡ ನಿಜಕ್ಕೂ ಅಳೆಯುವುದು ರಾತ್ರಿಯ ಉದ್ದವನ್ನು ಎಂದು ತೋರಿಸಿದರು. ದೀರ್ಘ ರಾತ್ರಿಯ ನಡುವೆ ಸ್ವಲ್ಪ ಹೊತ್ತು ದೀಪ ಬೆಳಗಿದರೆ ಸಾಕು, ಒಂದು ದೊಡ್ಡ ರಾತ್ರಿ ಎರಡು ಸಣ್ಣ ರಾತ್ರಿಗಳಾಗಿ ಗಿಡದ ಲೆಕ್ಕ ತಪ್ಪುತ್ತದೆ.

ನಮ್ಮ ಸೇವಂತಿಗೆ ಇಂಥದ್ದೇ ಗಿಡ. ರಾತ್ರಿ ಉದ್ದವಾದಾಗ ಮೊಗ್ಗು ಕಟ್ಟುತ್ತದೆ. ಬೆಂಗಳೂರಿನ ಸುತ್ತಲ ಹಳ್ಳಿಗಳಲ್ಲಿ ರಾತ್ರಿ ಬಸ್ಸಿನ ಕಿಟಕಿಯಿಂದ ನೋಡಿದರೆ ಕೆಲವು ಹೊಲಗಳಲ್ಲಿ ಮದುವೆ ಮನೆಯಂತೆ ಸಾಲು ಸಾಲು ಬಲ್ಬು ಉರಿಯುವುದು ಕಾಣುತ್ತದೆ. ಸೇವಂತಿಗೆ ಬೇಗ ಹೂ ಬಿಡದಂತೆ ತಡೆದು, ಗಿಡ ದಷ್ಟಪುಷ್ಟವಾದ ಮೇಲೆ ದೀಪ ಆರಿಸುವ ಉಪಾಯ ಅದು. ಕ್ರಿಸ್‌ಮಸ್ ಹೊತ್ತಿಗೆ ಕೆಂಪಾಗುವ ಪಾಯಿನ್‌ಸೆಟಿಯಾ ಗಿಡವೂ ಇದೇ ಜಾತಿಯ ಲೆಕ್ಕದ್ದು. ಅದರ ಕೆಂಪು ಭಾಗ ದಳವಲ್ಲ, ಎಲೆ. ಬಾಲ್ಕನಿಯ ದೀಪ ರಾತ್ರಿಯಿಡೀ ಬೀಳುವ ಮೂಲೆಯಲ್ಲಿ ಆ ಕುಂಡ ಇಟ್ಟರೆ ಡಿಸೆಂಬರ್ ಬಂದರೂ ಅದು ಹಸಿರಾಗಿಯೇ ಉಳಿಯುತ್ತದೆ.

ಎಲೆ ಕೊಡುವ ಸುದ್ದಿ

ಹೂ ಅರಳುವುದು ಕೊಂಬೆಯ ತುದಿಯಲ್ಲಿ. ರಾತ್ರಿಯನ್ನು ಅಳೆಯುವುದು ಮಾತ್ರ ತುದಿಯಲ್ಲ, ಎಲೆ. ಇದನ್ನು 1930ರ ದಶಕದಲ್ಲಿ ಅಂದಿನ ಸೋವಿಯತ್ ಒಕ್ಕೂಟದ ಮಿಖಾಯಿಲ್ ಚೈಲಾಖ್ಯಾನ್ ಸೇವಂತಿಗೆಯ ಮೇಲೆಯೇ ಪ್ರಯೋಗ ಮಾಡಿ ತೋರಿಸಿದರು. ಗಿಡದ ಮೇಲಿನ ಅರ್ಧದ ಎಲೆ ಕಿತ್ತು, ಕೆಳಗಿನ ಅರ್ಧದಲ್ಲಿ ಉಳಿಸಿದರು. ಕೆಳಗಿನ ಎಲೆಗಳಿಗೆ ಚಿಕ್ಕ ಹಗಲು, ಬೋಳು ತುದಿಗೆ ದೊಡ್ಡ ಹಗಲು ಕೊಟ್ಟಾಗ ತುದಿ ಹೂ ಬಿಟ್ಟಿತು. ಅದಲು ಬದಲು ಮಾಡಿದಾಗ ಬಿಡಲಿಲ್ಲ. ಎಂದರೆ ಎಲೆಯಲ್ಲಿ ಏನೋ ತಯಾರಾಗಿ ತುದಿಗೆ ಪ್ರಯಾಣ ಮಾಡುತ್ತದೆ. ಕಾಣದ ಆ ವಸ್ತುವಿಗೆ ಅವರು ಫ್ಲೋರಿಜೆನ್ ಎಂದು ಹೆಸರಿಟ್ಟರು. ಅದು ಎಲೆಯಿಂದ ಹೊರಟು ಕಾಂಡದ ಒಳನಾಳಗಳ ಮೂಲಕ ತುದಿ ಸೇರುವ ಒಂದು ಚಿಕ್ಕ ಪ್ರೋಟೀನು ಎಂದು ತಿಳಿಯಲು 2007ರವರೆಗೆ ಕಾಯಬೇಕಾಯಿತು.

ಮರಗಳಲ್ಲಿ ಹಗಲಿನ ಜೊತೆಗೆ ನೀರಿನ ಲೆಕ್ಕವೂ ಸೇರುತ್ತದೆ. ಒಣಹವೆ ಬಂದಾಗ ಎಲೆಗಳು ನೀರನ್ನು ಗಾಳಿಗೆ ಬಿಡುತ್ತಲೇ ಇದ್ದರೆ ಕೊಂಬೆ ಬತ್ತುತ್ತದೆ. ಮರ ಎಲೆ ಉದುರಿಸುತ್ತದೆ. ಖರ್ಚು ನಿಂತ ಮೇಲೆ ಕಾಂಡದಲ್ಲಿ ಮತ್ತೆ ನೀರು ತುಂಬುತ್ತದೆ. ಆಗಲೇ ಕಟ್ಟಿ ಕೂತಿದ್ದ ಮೊಗ್ಗುಗಳು ಆ ನೀರಿನಿಂದ ಬಿರಿಯುತ್ತವೆ. ಬೋಳು ಟಬೆಬುಯಾ ಮರ ಒಂದು ವಾರದಲ್ಲಿ ಹೂವಿನ ಛತ್ರಿಯಾಗುವುದು ಹೀಗೆ. ಆ ಹೂವಿಗೆ ಬೇಕಾದ ಸಾಮಗ್ರಿಯನ್ನು ಕೂಡಿಟ್ಟದ್ದು ಮಳೆಗಾಲದಿಂದ ದುಡಿದ ಎಲೆಗಳು. ಹೂ ಬರುವಾಗ ಆ ಎಲೆಗಳು ಮರದಲ್ಲಿ ಇರುವುದಿಲ್ಲ. ಫೋಟೊದಲ್ಲಂತೂ ಇರುವುದೇ ಇಲ್ಲ. ಹೊಳೆ ದಾಸವಾಳದಂಥ ಮರಗಳ ಕ್ರಮ ಬೇರೆ. ಅವು ಹೊಸ ಚಿಗುರಿನ ತುದಿಯಲ್ಲೇ ಗೊಂಚಲು ಬಿಡುತ್ತವೆ. ಪ್ರತಿ ಮರಕ್ಕೂ ಅದರದೇ ಆದ ಒಳ ಗಡಿಯಾರ.

ಕೃಂಬಿಗಲ್ ಈ ಗಡಿಯಾರಗಳನ್ನು ಬಿಚ್ಚಿ ನೋಡಿದವರಲ್ಲ. ಯಾವ ಗಡಿಯಾರ ಯಾವಾಗ ಹೊಡೆಯುತ್ತದೆ ಎಂದು ನೋಡಿ, ಅವನ್ನು ಸಾಲಾಗಿ ಜೋಡಿಸುವುದು ಅವರ ದಾರಿ. ಮರಕ್ಕೆ ಹೀಗೇ ಹೂ ಬಿಡು ಎಂದು ಅಪ್ಪಣೆ ಕೊಡಲು ಬರುವುದಿಲ್ಲ. ಅದು ತಾನಾಗಿ ಬಿಡುವ ಹೊತ್ತನ್ನು ಅರಿತು ಅದಕ್ಕೆ ತಕ್ಕ ಜಾಗ ಮತ್ತು ತಕ್ಕ ನೆರೆಹೊರೆ ಕೊಡಬಹುದು, ಅಷ್ಟೇ.

ಹನ್ನೆರಡು ತಿಂಗಳ ಊರು

ಇಂದಿನ ಬೆಂಗಳೂರಿನ ಸರದಿಯನ್ನು ಸ್ಥೂಲವಾಗಿ ಹೀಗೆ ಬರೆಯಬಹುದು. ವರ್ಷದ ಶುರುವಿಗೆ ಗುಲಾಬಿ ಟಬೆಬುಯಾ. ಫೆಬ್ರುವರಿ, ಮಾರ್ಚಿನಲ್ಲಿ ಹಳದಿ ಟಬೆಬುಯಾ, ಅದರ ಬೆನ್ನಿಗೆ ನೇರಳೆ ಜಕರಾಂಡ. ಏಪ್ರಿಲ್‌ನಲ್ಲಿ ಹೊಂಗೆಯ ಹೂ ರಸ್ತೆಗೆ ಬೆಳ್ಳಗೆ ಹಾಸು ಹಾಸುತ್ತದೆ, ಕಕ್ಕೆ ಜೋತು ಬೀಳುತ್ತದೆ. ಮೇ ತಿಂಗಳು ಗುಲ್‌ಮೊಹರ್ ಮತ್ತು ಅದರ ಹಳದಿ ನೆಂಟನದು. ಮುಂಗಾರಿನ ಹೊತ್ತಿಗೆ ಹೊಳೆ ದಾಸವಾಳ. ಮಳೆ ನಡುವೆ ನೀರುಕಾಯಿ ಮರದ ಕಿತ್ತಳೆಗೆಂಪು. ಅಕ್ಟೋಬರ್, ನವೆಂಬರ್ ರಾತ್ರಿಗಳಿಗೆ ಆಕಾಶಮಲ್ಲಿಗೆಯ ಪರಿಮಳ. ಆಮೇಲೆ ಮತ್ತೆ ಟಬೆಬುಯಾ. ಮಳೆ ಹಿಂದೆ ಮುಂದೆ ಆದ ವರ್ಷ ಈ ಪಟ್ಟಿಯೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ.

ಈ ಮರಗಳೆಲ್ಲವನ್ನೂ ಕೃಂಬಿಗಲ್ ಒಬ್ಬರೇ ತಂದರು, ನೆಟ್ಟರು ಎನ್ನುವುದು ಅವರಿಗೂ ಇತರರಿಗೂ ಮಾಡುವ ಅನ್ಯಾಯ. ಕ್ಯಾಮರಾನ್ ಮೊದಲೇ ಬೀಜ ಬಿತ್ತಿದ್ದರು. ಕೃಂಬಿಗಲ್ ನಂತರ ಲಾಲ್‌ಬಾಗಿನ ಹೊಣೆ ಹೊತ್ತ ಎಚ್.ಸಿ. ಜವರಾಯರು, ಮುಂದೆ ತೋಟಗಾರಿಕೆ ಇಲಾಖೆಯನ್ನು ಹಳ್ಳಿ ಹಳ್ಳಿಗೆ ಒಯ್ದ ಡಾ. ಎಂ.ಎಚ್. ಮರಿಗೌಡರು ಆ ಸಾಲನ್ನು ಬೆಳೆಸಿದರು. ಸರದಿ ಎಂಬ ಕಲ್ಪನೆ ಮರಗಳಿಗೆ ಮಾತ್ರವಲ್ಲ, ಅವನ್ನು ನೋಡಿಕೊಂಡವರಿಗೂ ಒಪ್ಪುತ್ತದೆ.

ಕೃಂಬಿಗಲ್ ಕೆಲಸ ಹೂಮರಗಳಿಗೆ ನಿಲ್ಲಲಿಲ್ಲ. 1912ರಲ್ಲಿ ಶುರುವಾದ ಮೈಸೂರು ತೋಟಗಾರಿಕೆ ಸಂಘದ ಹಿಂದೆ ಅವರಿದ್ದರು. ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳನ್ನು ಇಂದಿಗೂ ಈ ಸಂಘದ ಹೆಸರಿನೊಂದಿಗೆ ನಾವು ಕೇಳುತ್ತೇವೆ. ಹೊರದೇಶದ ಸಸ್ಯೋದ್ಯಾನಗಳ ಜೊತೆ ಬೀಜ ವಿನಿಮಯ ನಡೆಸಿದರು. ಕಟ್ಟಡ ವಿನ್ಯಾಸ, ನಗರ ಯೋಜನೆಗಳಲ್ಲೂ ಸಂಸ್ಥಾನ ಅವರ ಸಲಹೆ ಕೇಳುತ್ತಿತ್ತು. ಸರ್ ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ರೂಪುಗೊಂಡಿತು. ಅದರ ವಿನ್ಯಾಸದಲ್ಲೂ ಕೃಂಬಿಗಲ್ ಕೈ ಇದೆ. ಅಣೆಕಟ್ಟು ಕಟ್ಟಿದ ಎಂಜಿನಿಯರುಗಳ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅದೇ ಕಟ್ಟೆಯ ಬುಡದಲ್ಲಿ ಹಸಿರು ಮೆಟ್ಟಿಲು ಕೆತ್ತಿದ ತೋಟಗಾರ ಪಠ್ಯಕ್ಕೆ ಬರಲಿಲ್ಲ.

ಶತ್ರು ದೇಶದವ

ಪರದೇಶದ ಬದುಕಿನ ಇನ್ನೊಂದು ಮುಖವನ್ನೂ ಅವರು ಕಂಡರು. ಮಹಾಯುದ್ಧದ ಕಾಲದಲ್ಲಿ ಜರ್ಮನಿ ಬ್ರಿಟನ್ನಿನ ಶತ್ರುವಾಯಿತು. ಭಾರತದಲ್ಲಿದ್ದ ಜರ್ಮನ್ನರು ರಾತ್ರೋರಾತ್ರಿ ಶತ್ರು ದೇಶದವರಾದರು. ಕೃಂಬಿಗಲ್ ಕೂಡ ನಿರ್ಬಂಧಕ್ಕೆ ಒಳಗಾದರು. ಅವರು ನೆಟ್ಟ ಮರಗಳು ಆ ವರ್ಷವೂ ತಮ್ಮ ತಿಂಗಳಿಗೆ ಹೂ ಬಿಟ್ಟಿರಬೇಕು. ಮರದ ಮೇಲೆ ಯಾವ ದೇಶದ ಪಾಸ್‌ಪೋರ್ಟೂ ಇರುವುದಿಲ್ಲ. ಮೆಕ್ಸಿಕೊ, ಬ್ರೆಜಿಲ್, ಮಡಗಾಸ್ಕರ್ ಕಡೆಯ ಮರಗಳು ಬೆಂಗಳೂರಿನವಾಗಿಬಿಟ್ಟಿದ್ದವು. ಅವನ್ನು ಸಾಲಿಗೆ ನಿಲ್ಲಿಸಿದವನನ್ನು ಮಾತ್ರ ಸರ್ಕಾರದ ಕಾಗದ ಹೊರಗಿನವನೆಂದು ಎಣಿಸಿತು. ಎಷ್ಟು ವರ್ಷ ದುಡಿದರೂ ಒಂದು ದಿನ ನೀವು ಎಲ್ಲಿಯವರು ಎಂಬ ಪ್ರಶ್ನೆ ಎದುರಾಗಬಹುದು ಎಂದು ಪರಊರಿನಲ್ಲಿ ನೆಲೆಸಿದ ಯಾರಿಗೆ ಗೊತ್ತಿಲ್ಲ?

1932ರಲ್ಲಿ ಅವರು ಲಾಲ್‌ಬಾಗಿನ ಕೆಲಸದಿಂದ ನಿವೃತ್ತರಾದರು. ಊರಿಗೆ ಮರಳಿ ನೆಲೆಸಲಿಲ್ಲ. ಸಲಹೆಗಾರರಾಗಿ ದುಡಿಯುತ್ತಾ ಬೆಂಗಳೂರಿನಲ್ಲೇ ಉಳಿದರು. ಅವರನ್ನು ಕರೆಸಿಕೊಂಡ ದೊರೆ 1940ರಲ್ಲಿ ತೀರಿಕೊಂಡರು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ಸಂಸ್ಥಾನ ಭಾರತದಲ್ಲಿ ಸೇರಿತು. ಅವರು ಬಿಟ್ಟುಬಂದ ಡ್ರೆಸ್ಡನ್ 1945ರ ಬಾಂಬ್ ದಾಳಿಯಲ್ಲಿ ಸುಟ್ಟು ಬೂದಿಯಾಗಿತ್ತು. 1956ರ ಫೆಬ್ರುವರಿ 8ರಂದು, ತೊಂಬತ್ತು ವರ್ಷ ತುಂಬಿದ್ದ ಕೃಂಬಿಗಲ್ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಕನ್ನಡ ನಾಡು ಒಂದಾಗಲು ಇನ್ನು ಒಂಬತ್ತು ತಿಂಗಳೂ ಇರಲಿಲ್ಲ. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗಿನೊಳಗೆ ಅವರ ಹೆಸರು ಹೊತ್ತಿದ್ದ ಹಳೆಯ ಕೃಂಬಿಗಲ್ ಹಾಲ್, ಆರೈಕೆ ಇಲ್ಲದೆ ಸೊರಗಿ, 2017ರಲ್ಲಿ ನೆಲಸಮವಾಯಿತು.

ಹೂವಿಲ್ಲದ ತಿಂಗಳುಗಳು

ಮುಂಬೈನಲ್ಲೂ ಫೆಬ್ರುವರಿ, ಮಾರ್ಚ್ ಬಂದರೆ ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಉದ್ದಕ್ಕೂ, ವಿಕ್ರೋಲಿ, ಘಾಟ್ಕೋಪರ್ ಭಾಗದಲ್ಲಿ ಗುಲಾಬಿ ಟಬೆಬುಯಾ ಅರಳುತ್ತದೆ. ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದವರೂ ಮೊಬೈಲ್ ಎತ್ತುತ್ತಾರೆ. ಫೋಟೊ ನೋಡಿದ ವಸತಿ ಸಂಕೀರ್ಣಗಳು ನಮಗೂ ಅದೇ ಮರ ಬೇಕು ಎನ್ನುತ್ತವೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲೂ ಇದೇ ಆಸೆ. ತಪ್ಪೇನಿಲ್ಲ. ಆದರೆ ಒಂದೇ ಮರವನ್ನು ಸಾಲಾಗಿ ನೆಟ್ಟರೆ ಸಿಗುವುದು ಹದಿನೈದು ದಿನದ ಜಾತ್ರೆ, ಉಳಿದಂತೆ ಹೂವಿಲ್ಲದ ವರ್ಷ. ಜೇನಿಗೂ ಹಕ್ಕಿಗೂ ಹದಿನೈದು ದಿನದ ಊಟ. ಕೃಂಬಿಗಲ್ ಯೋಚನೆಯ ತಿರುಳು ಒಂದು ಮರದ ಚೆಲುವಿನಲ್ಲಿ ಇರಲಿಲ್ಲ, ಒಂದರ ಹಿಂದೆ ಇನ್ನೊಂದು ನಿಲ್ಲುವುದರಲ್ಲಿ ಇತ್ತು. ರಸ್ತೆ ಅಗಲಿಸಲು ಒಂದು ಜಾತಿಯ ಸಾಲು ಕಡಿದರೆ ಊರಿಗೆ ನಷ್ಟವಾಗುವುದು ಬರೀ ಮರವಲ್ಲ, ಒಂದು ತಿಂಗಳು.

ನಿಮ್ಮ ಸೊಸೈಟಿಯ ಸಭೆಯಲ್ಲಿ ಗಿಡ ನೆಡುವ ಮಾತು ಬಂದಾಗ ಎರಡು ವಿಷಯ ಎತ್ತಿ ನೋಡಿ. ಮೊದಲನೆಯದು, ಐದು ಗಿಡ ನೆಡುವುದಾದರೆ ಐದು ಬೇರೆ ತಿಂಗಳಿನವು ಇರಲಿ. ಮುಂಬೈಗೆ ಕಕ್ಕೆ ಇದೆ, ಹೊಂಗೆ ಇದೆ, ಮಹಾರಾಷ್ಟ್ರದ ರಾಜ್ಯ ಪುಷ್ಪವೂ ಆದ ಹೊಳೆ ದಾಸವಾಳ, ಅಂದರೆ ಇಲ್ಲಿನವರ ತಾಮ್ಹಣ್ ಇದೆ, ಆಕಾಶಮಲ್ಲಿಗೆ ಇದೆ. ಎರಡನೆಯದು, ಕೊಂಬೆ ಸವರುವ ಸಮಯ. ಮಳೆಗೆ ಮುಂಚೆ ಅಪಾಯದ ಕೊಂಬೆ ತೆಗೆಯುವುದು ಇಲ್ಲಿ ವರ್ಷವರ್ಷದ ಅಗತ್ಯ. ಆದರೆ ಅಂದಕ್ಕಾಗಿ ಚಳಿಗಾಲದಲ್ಲಿ ತುದಿಗಳನ್ನೆಲ್ಲ ಕತ್ತರಿಸಿದರೆ ಟಬೆಬುಯಾದಂಥ ಮರದ ಆ ವರ್ಷದ ಮೊಗ್ಗುಗಳೇ ಕಸದ ಲಾರಿ ಸೇರುತ್ತವೆ. ಮಳೆಗಾಲದಲ್ಲಿ ಎಲೆ ಬೋಳಿಸಿದರೆ ಮುಂದಿನ ಹೂವಿಗೆ ದುಡಿಯುವವರೇ ಇಲ್ಲ. ಮರಕ್ಕೆ ಅಲಂಕಾರದ ಸರಣಿ ದೀಪ ಸುತ್ತಿ ರಾತ್ರಿಯಿಡೀ ಉರಿಸುವವರೂ ಒಮ್ಮೆ ಯೋಚಿಸಲಿ. ಗಿಡದ ಪಾಲಿಗೆ ಕತ್ತಲೆಯೂ ಒಂದು ಸುದ್ದಿ.

ಹೂ ಬಿಟ್ಟಾಗ ಮರವನ್ನು ಎಲ್ಲರೂ ನೋಡುತ್ತಾರೆ. ಅದಕ್ಕೆ ಆರೈಕೆ ಬೇಕಾಗಿರುವುದು ಯಾರೂ ಫೋಟೊ ತೆಗೆಯದ ಹಸಿರು ತಿಂಗಳುಗಳಲ್ಲಿ, ಎಲೆ ಸದ್ದಿಲ್ಲದೆ ದುಡಿಯುವಾಗ. ಲೋಮೆನ್‌ನಿಂದ ಬಂದ ತೋಟಗಾರ ಇಪ್ಪತ್ತನಾಲ್ಕು ವರ್ಷ ಲಾಲ್‌ಬಾಗಿನಲ್ಲಿ ಕಾದದ್ದು ಆ ತಿಂಗಳುಗಳನ್ನು. ಅವರ ಹೆಸರಿನ ಕಟ್ಟಡ ಬಿದ್ದಿದೆ, ರಸ್ತೆ ಉಳಿದಿದೆ. ಮುಂದಿನ ಸಲ ಉದ್ಯಾನ್ ಎಕ್ಸ್‌ಪ್ರೆಸ್ ಇಳಿದು ಊರೊಳಗೆ ಹೋಗುವಾಗ ಯಾವ ಮರ ಹೂ ಬಿಟ್ಟಿದೆ ಎಂದು ನೋಡಿ. ಅದರ ಪಕ್ಕದಲ್ಲಿ ಹಸಿರಾಗಿ ಸುಮ್ಮನೆ ನಿಂತಿರುವ ಮರದ ಸರದಿ ಯಾವಾಗ ಎಂದು ಮನೆಯ ಮಕ್ಕಳನ್ನೂ ಕೇಳಿ.